ಕೂನೂರು ತೋರಿಸಿದವರು

ನಲ್ಲಿ ನಿಲ್ಲುವ ಮೊದಲು ಹಂಡೆ, ಬಿಂದಿಗೆ, ಬಕೀಟು ಎಲ್ಲ ತುಂಬಿಸಿಟ್ಟೆ. ಹಾಲಿನ ಸೆಂಟರಿನ ಸಾಲಿನಲ್ಲಿ ನಿಂತು ಬಾಟಲಿ ಬದಲಿಸಿಕೊಂಡು ಬಂದೆ. ನಮ್ಮವರಿಗೆ ಡಬ್ಬಿ ಕಟ್ಟಿದೆ. ಮಗಳ ಲಂಗದ ಅಂಚು ಬಿಚ್ಚಿ ಒಂದು ಬೆರಳು ಉದ್ದ ಬಿಟ್ಟು ಹೊಲಿದೆ. ಈ ಹುಡುಗಿ ಅವರೆ ಬಳ್ಳಿಯ ಹಾಗೆ ಬೆಳೆಯುತ್ತಿದ್ದಾಳೆ. ರೇಷನ್ ಅಕ್ಕಿಯ ಕಲ್ಲು ಆರಿಸಿದೆ. ಸಾರಿನ ಪುಡಿಗೆ ಮೆಣಸಿನಕಾಯಿ ಹುರಿದಾಗ ಇಡೀ ಮಹಡಿ ಕೆಮ್ಮಿತು, ಎದುರು ಖೋಲಿಯ ಗುಜರಾತಿ ಬೆನ್ ಬಾಗಿಲು ಹಾಕಿಕೊಂಡರು. ಎರಡು ಹಳೆ ಸೀರೆ ಮಡಿಸಿ ಹೊಲಿದು ಹಾಸಲು ಒಂದು ದುಪ್ಪಟಿ ಮಾಡಿದೆ. ಮಧ್ಯಾಹ್ನ ಅಜ್ಜಿಯನ್ನು ಟ್ಯಾಕ್ಸಿಯಿಂದ ಇಳಿಸಿ, ಅವರ ಮಗ ಒಂದು ಕಡೆ ನಾನೊಂದು ಕಡೆ ಹಿಡಿದು ಮೆಟ್ಟಿಲು ಹತ್ತಿಸಿ, ಬಿಸಿನೀರಲ್ಲಿ ಮೈ ಒರೆಸಿ, ಆ ದುಪ್ಪಟಿಯ ಮೇಲೆ ಮಲಗಿಸಿದೆ.

ಈ ಅಜ್ಜಿ ನಮಗೆ ನೆಂಟರಲ್ಲ. ಘಾಟ್ಕೋಪರಿನ ಈ ಚಾಳಿನಲ್ಲಿ ನಮ್ಮ ಪಕ್ಕದ ಖೋಲಿಯಲ್ಲಿ ಬಹಳ ವರ್ಷ ಇದ್ದವರೊಬ್ಬರ ಅತ್ತೆ. ಎಡಗೈ, ಎಡಗಾಲು ಸ್ವಾಧೀನವಿಲ್ಲ. ಸೊಸೆ ಹೋದ ತಿಂಗಳು ಕಾಂದಿವಲಿಯಲ್ಲಿ ತೀರಿಕೊಂಡರು. ಕರ್ಮಗಳೆಲ್ಲ ಮುಗಿದವು, ಮಗ ಈಗ ಉಡುಪಿಗೆ ಹೋಗಿ ತಾಯಿಗೊಂದು ನೆಲೆ ನೋಡಿ ಬರಬೇಕು. ಅಲ್ಲಿಯವರೆಗೆ ಅಜ್ಜಿ ಇರುವುದೆಲ್ಲಿ? ಮಡಿಯ ಮುದುಕಿ, ಕಂಡಕಂಡವರ ಕೈಯಲ್ಲಿ ಉಣ್ಣುವವರಲ್ಲ. ಮುಂಬಯಿಯಲ್ಲಿ ಅವರು ಉಂಡದ್ದು ಸೊಸೆಯ ಕೈಯಲ್ಲಿ, ಅದು ಬಿಟ್ಟರೆ ನನ್ನ ಕೈಯಲ್ಲಿ. ಮಗ ಬಂದು ಕೇಳಿಕೊಂಡು ಹೋದ ಮೇಲೆ ನಮ್ಮವರು ಪೇಪರು ಕೆಳಗಿಟ್ಟು, "ಮತ್ತೆ ನೀನೇ ಬೇಕಾದೆಯಾ ಅವರಿಗೆ?" ಎಂದರು. "ಮುದುಕಿ ಏನು ಮಾಡಿದ್ದಾರೆ ಪಾಪ," ಎಂದೆ.

ಆ ಸೊಸೆಯ ವಿಷಯ ಬರೆಯಬೇಕೆಂದು ಕೂತಿದ್ದೇನೆ. ಹೆಸರು ಬರೆಯುವುದಿಲ್ಲ. ಹೆಸರು ಹಿಡಿದು ಬರೆದರೆ ಜಗಳ ಕಾದ ಹಾಗಾಗುತ್ತದೆ. ನಾವಿಬ್ಬರೂ ಜಗಳವನ್ನೇ ಆಡಿರಲಿಲ್ಲ. ಆಡಿದ್ದರೆ ವಾಸಿಯಿತ್ತು.

ಅವರು ಹುಟ್ಟಿದ್ದು ಮಂಗಳೂರಿನ ಕಡೆಯ ಮನೆತನದಲ್ಲಿ, ಬೆಳೆದದ್ದು ನೀಲಗಿರಿಯ ಕೂನೂರಿನಲ್ಲಿ. ತಂದೆ ಅಲ್ಲಿನ ಒಂದು ಟೀ ಫ್ಯಾಕ್ಟರಿಯಲ್ಲಿ ಗುಮಾಸ್ತರಾಗಿದ್ದರು. ತಂದೆ ತೀರಿಕೊಂಡ ಮೇಲೆ ಇವರ ತಮ್ಮನೂ ಅಲ್ಲೇ ಸೇರಿಕೊಂಡ. ಗಂಡ ನಮ್ಮ ಸ್ಟೇಷನ್ನಿನ ಎದುರಿನ ಉಡುಪಿ ಹೋಟೆಲಿನಲ್ಲಿ ಮ್ಯಾನೇಜರು. ಆಕೆ ಗಿಡ್ಡ ಆಳು, ಅಗಲ ಹಣೆ, ಅದರ ಮೇಲೆ ಕಾಸಿನಗಲದ ಕುಂಕುಮ. ನಡೆಯುವಾಗ ಸೊಂಟದಿಂದ ಸ್ವಲ್ಪ ಮುಂದಕ್ಕೆ ಬಾಗುತ್ತಿದ್ದರು. ಘಾಟ್ಕೋಪರಿನ ಸಪಾಟು ರಸ್ತೆಯಲ್ಲೂ ಏರು ಹತ್ತುವವರ ಹಾಗೆ ಹೋಗುತ್ತಿದ್ದರು. "ಯಾಕ್ರೀ ಬಗ್ಗಿಕೊಂಡು ಹೋಗ್ತೀರಿ?" ಎಂದು ಕೇಳಿದರೆ, "ನನ್ನ ಕಾಲಿಗೆ ಈ ಊರು ಇನ್ನೂ ಗೊತ್ತಾಗ್ಲಿಲ್ಲ ಮಾರಾಯ್ರೆ," ಎನ್ನುತ್ತಿದ್ದರು.

ನನ್ನನ್ನು ಕರೆಯುತ್ತಿದ್ದದ್ದು "ಮೈಸೂರಿನವರೇ" ಎಂದು. ನಾನು ಮದುವೆಯಾಗಿ ಇಲ್ಲಿಗೆ ಬಂದ ಹೊಸದರಲ್ಲಿ ಲೋಕಲ್ ಗಾಡಿ ಹತ್ತಲು ಹೆದರಿ ಪ್ಲಾಟ್‌ಫಾರ್ಮಿನಲ್ಲೇ ನಿಂತುಬಿಡುತ್ತಿದ್ದೆ. ಒಂದು ದಿನ ಅವರು ನನ್ನ ರಟ್ಟೆ ಹಿಡಿದು ಹೆಂಗಸರ ಡಬ್ಬಿಯೊಳಗೆ ತಳ್ಳಿ, ತಾವೂ ನುಗ್ಗಿ, "ಯೋಚನೆ ಮಾಡುವವರು ಕೆಳಗೆ ಉಳಿಯುವುದು. ಇಲ್ಲಿ ಮೊದಲು ಹತ್ತುವುದು, ಆಮೇಲೆ ಯೋಚನೆ," ಎಂದರು. ಮಗಳಿಗೆ ಟೈಫಾಯಿಡ್ ಆದಾಗ ನನ್ನ ಸರದಿ ಮುಗಿದ ಮೇಲೆ ಅವಳ ಹಣೆಗೆ ಒದ್ದೆ ಬಟ್ಟೆ ಹಾಕುತ್ತಾ ಕೂತವರು ಅವರೇ. ಇದನ್ನು ಬರೆಯದೆ ಮುಂದಿನದನ್ನು ಬರೆದರೆ ತಪ್ಪಾಗುತ್ತದೆ.

ಚಹಾ ಎಂದರೆ ಅವರಿಗೆ ಪೂಜೆ. ಹಾಲು ಹಾಕುತ್ತಿರಲಿಲ್ಲ. ಎಲೆಯ ಮೇಲೆ ಬಿಸಿನೀರು ಹುಯ್ದು, ಮುಚ್ಚಿ, ಮುಚ್ಚಳ ತೆಗೆದು ಮೊದಲು ಮೂಗು ಒಡ್ಡಿ ಕಣ್ಣು ಮುಚ್ಚುತ್ತಿದ್ದರು. ನಾವು ಮೈಸೂರಿನವರು, ಕಾಫಿಯ ಫಿಲ್ಟರ್ ಒಲೆಯ ಪಕ್ಕದಿಂದ ಕೆಳಗಿಳಿಯದು. "ಕಾಫಿ ಕುಡಿಯುವವರಿಗೆ ಬೆಟ್ಟ ಎಲ್ಲಿ ಅರ್ಥ ಆಗ್ತದೆ!" ಎಂದು ಚುಚ್ಚುತ್ತಿದ್ದರು. "ಬೆಟ್ಟ ಕುಡಿಯೋದಲ್ಲ ಕಣ್ರೀ, ನೋಡೋದು," ಎಂದು ನಾನು. "ನೋಡುವ ಬನ್ನಿ ಹಾಗಾದ್ರೆ," ಎಂದು ನನ್ನನ್ನು ತಾರಸಿಗೆ ಕರೆದುಕೊಂಡು ಹೋಗುತ್ತಿದ್ದರು.

ತಾರಸಿಯಲ್ಲಿ ಹಪ್ಪಳ ಒಣಹಾಕುವ ನೆಪ. ಪೂರ್ವಕ್ಕೆ ಉಪ್ಪಿನ ಗದ್ದೆಗಳು ಬೆಳ್ಳಗೆ ಕಣ್ಣು ಕುಕ್ಕುತ್ತಿದ್ದವು. ಅವರು ಸೆರಗು ಸಿಕ್ಕಿಸಿ, ಅಕ್ಕಿಹಿಟ್ಟಿನಲ್ಲಿ ನೆಲದ ಮೇಲೆ ಒಂದು ಅಂಕುಡೊಂಕು ಗೆರೆ ಎಳೆಯುತ್ತಿದ್ದರು. ಅದು ರೈಲು.

"ಈ ನೀರಿನ ಟಾಂಕಿ ದೊಡ್ಡಬೆಟ್ಟ. ಅದರ ಸುದ್ದಿ ಬೇಡ, ಅದು ಊಟಿಯವರದ್ದು. ನಮ್ಮದು ಇಲ್ಲಿ, ಕೆಳಗೆ. ಇದು ಮೇಟುಪಾಳ್ಯ, ಇಲ್ಲಿಂದ ಗಾಡಿ ಹತ್ತುವುದು. ಎಂಜಿನು ಎಲ್ಲಿ, ಹೇಳು ನೋಡುವಾ?"

ಆಗ ಐದಾರು ವರ್ಷದವಳಾಗಿದ್ದ ನನ್ನ ಮಗಳು, ಮನೆಯ ಹೊರಗೆಲ್ಲ ಮರಾಠಿ ಆಡುವವಳು, "ಪುಢೇ!" ಎಂದಳು. ಮುಂದೆ ಎಂದು.

"ಅಲ್ಲವೇ ಅಲ್ಲ! ಹಿಂದೆ. ಹಿಂದಿನಿಂದ ದೂಡುವುದು. ಎಳೆದರೆ ಕೈಬಿಟ್ಟೀತು, ದೂಡಿದರೆ ಬಿಡ್ಲಿಕ್ಕಿಲ್ಲ."

ಆಮೇಲೆ ಮಕ್ಕಳನ್ನೆಲ್ಲ ಸಾಲಾಗಿ ನಿಲ್ಲಿಸಿ, ತಾವು ಕೊನೆಗೆ ನಿಂತು ಉಸ್ ಉಸ್ ಎಂದು ದೂಡುತ್ತಿದ್ದರು. ಬಟ್ಟೆ ಒಣಹಾಕಲು ಬಂದ ಮರಾಠಿ ವಹಿನಿ, "ಕಾಯ್ ಬಾಯಿ, ಗಾಡೀ ಸುಟ್ಲೀ ಕಾ?" ಎಂದು ಕೇಳಿದರೆ, ಗಾಡಿ ಬಿಟ್ಟೇಬಿಟ್ಟಿತು, ಬೇಗ ಹತ್ತಿ ಎಂದು ಅವರನ್ನೂ ಸಾಲಿಗೆ ಸೇರಿಸಿಕೊಳ್ಳುತ್ತಿದ್ದರು. ಚಾಳಿನವರೆಲ್ಲ ಅವರನ್ನು ಕರೆಯುತ್ತಿದ್ದದ್ದೇ ಕೂನೂರು ಬಾಯಿ ಎಂದು.

ಡಾಲ್ಫಿನ್ಸ್ ನೋಸ್ ಎಂಬ ಬಂಡೆಯನ್ನು ತೋರಿಸಲು ನನ್ನ ಈಳಿಗೆಮಣೆ ತರಿಸಿದ್ದರು. ಮಣೆಯನ್ನು ತಾರಸಿಯ ಕಟ್ಟೆಯ ಮೇಲೆ ಇಟ್ಟು, ಅಲಗಿನ ಮೂತಿ ಹೊರಗೆ ಚಾಚಿಕೊಳ್ಳುವ ಹಾಗೆ ಮಾಡಿ, "ಇಷ್ಟೇ. ಕಲ್ಲು ಹೀಗೆ ಗಾಳಿಯಲ್ಲಿ ಮೂಗು ಚಾಚಿಕೊಂಡು ಉಂಟು. ಅದರ ಮೇಲೆ ನಿಂತರೆ ಕಾಲಿನ ಕೆಳಗೆ ಎಂತದೂ ಇಲ್ಲ. ಎದುರು ಬೆಟ್ಟದಲ್ಲಿ ಕ್ಯಾಥರೀನ್ ಫಾಲ್ಸು. ಶಬ್ದ ಕೇಳುವುದಿಲ್ಲ, ಅಷ್ಟು ದೂರ. ಬೆಟ್ಟಕ್ಕೆ ಯಾರೋ ಬಿಳಿ ಜನಿವಾರ ಹಾಕಿದ ಹಾಗೆ ಕಾಣುವುದು," ಎಂದರು. ಅದಕ್ಕಿಂತ ಮೊದಲೇ ಸಿಗುವ ಲ್ಯಾಂಬ್ಸ್ ರಾಕ್, ಅಲ್ಲಿಂದ ಕೆಳಗೆ ಕಾಣುವ ಕೊಯಮತ್ತೂರಿನ ಬಯಲು, ಸಿಮ್ಸ್ ಪಾರ್ಕಿನ ಮೇ ತಿಂಗಳ ಹಣ್ಣಿನ ಪ್ರದರ್ಶನ, ಹೊಸದಾಗಿ ಬಾಚಿ ಬೈತಲೆ ತೆಗೆದ ಹಾಗಿರುವ ಟೀ ತೋಟಗಳು. ಎಲ್ಲಕ್ಕೂ ಅವರದೊಂದು ಕಟ್ಟಳೆ ಇತ್ತು. ಹೊಟ್ಟೆ ತುಂಬ ಉಂಡು ಬೆಟ್ಟ ನೋಡಲು ಹೋಗಬಾರದು, ನಿದ್ದೆ ಕಾಣುತ್ತದೆ, ಬೆಟ್ಟ ಕಾಣುವುದಿಲ್ಲ. ಬೆಳಿಗ್ಗೆ ಬೇಗ ಹೋಗಬೇಕು, ಹೊತ್ತೇರಿದರೆ ಮೋಡದ ಯಜಮಾನಿಕೆ. ಹೋದ ಕೂಡಲೆ ಮಾತಾಡಬಾರದು.

ಕೆಳಗಿನಿಂದ ಅಜ್ಜಿಯ ಕೂಗು ಬರುತ್ತಿತ್ತು. "ನಿನ್ನ ಗುಡ್ಡೆ ಪುರಾಣ ಆಯ್ತಾ? ನನ್ನ ಗಂಜಿ ಎಲ್ಲಿ?"

"ಗುಡ್ಡೆ ಇಳಿದು ಬರ್ಲಿಕ್ಕೆ ಹೊತ್ತು ಬೇಡವಾ ಅತ್ತೆ!"

ಹೀಗೆ ಹೇಳುತ್ತಿದ್ದವರು ಮದುವೆಯಾಗಿ ಬಂದ ಮೇಲೆ ಒಂದು ಸಲವೂ ಕೂನೂರಿಗೆ ಹೋಗಿರಲಿಲ್ಲ. ಬಂದ ವರ್ಷವೇ ಅಜ್ಜಿಗೆ ಲಕ್ವ ಹೊಡೆಯಿತು. ನಾಲ್ಕು ಹೆಜ್ಜೆಯ ಖೋಲಿ, ಗೋಡೆಗೆ ಅಜ್ಜಿಯ ಮಂಚ, ಅಡ್ಡಕ್ಕೆ ಒಂದು ಹಳೆ ಸೀರೆಯ ಪರದೆ, ಪರದೆಯ ಈಚೆ ಒಲೆ. ಮ್ಯಾನೇಜರು ಹೆಚ್ಚಾಗಿ ಹೋಟೆಲಿನಲ್ಲೇ ಮಲಗುತ್ತಿದ್ದರು. ಮಕ್ಕಳಿರಲಿಲ್ಲ. ಅದರ ಬಗ್ಗೆ ನಮ್ಮ ಮಹಡಿಯಲ್ಲಿ ಯಾರೂ ಕೇಳುತ್ತಿರಲಿಲ್ಲ; ಕೇಳಬೇಕಾದದ್ದೇನೂ ಇರಲಿಲ್ಲ.

ಭಾಷೆಯ ಮೇಲೆ ರಾಜ್ಯಗಳನ್ನು ಹಂಚುವ ಮಾತು ಬೀದಿಬೀದಿಯಲ್ಲಿ ಕಾವೇರಿದ್ದ ವರ್ಷ. ನಮ್ಮವರಿಗೆ ಫೋರ್ಟ್ ಕಡೆಯ ಆಫೀಸಿನಲ್ಲಿ ಮೇ ತಿಂಗಳು ರಜೆ ಸಿಕ್ಕಿತು. ಮೈಸೂರಿನಲ್ಲಿ ನನ್ನ ಅಮ್ಮ ಅಕ್ಕನ ಮನೆಯಲ್ಲಿದ್ದಳು. ಅವಳ ಕಣ್ಣಿನ ನರ ಒಣಗುತ್ತಿದೆ, ಔಷಧಿಯಿಂದ ನಿಲ್ಲುವುದಿಲ್ಲ, ಈಗ ಕಾಣುವಾಗಲೇ ತೋರಿಸಬೇಕಾದ್ದನ್ನು ತೋರಿಸಿಬಿಡಿ ಎಂದು ಡಾಕ್ಟರು ಹೇಳಿದ್ದರಂತೆ. ಮೈಸೂರಿನಲ್ಲೇ ಹುಟ್ಟಿ ಬೆಳೆದ ಅಮ್ಮ ಗುಂಡ್ಲುಪೇಟೆ ದಾಟಿ ನೀಲಗಿರಿ ಹತ್ತಿದವಳಲ್ಲ. ಅವಳಿಗೆ ಯಾತ್ರೆ ಬೇಕಿರಲಿಲ್ಲ, ತೀರ್ಥ ಬೇಕಿರಲಿಲ್ಲ. "ನೀನು ಕಾಗದದಲ್ಲಿ ಬರೀತೀಯಲ್ಲ ಆ ಬೆಟ್ಟ, ಅದನ್ನ ಒಂದ್ಸಲ ತೋರಿಸು," ಎಂದು ಹೇಳಿ ಬರೆಸಿದ್ದಳು. ನಾನು ಕಾಗದದಲ್ಲಿ ಬರೆಯುತ್ತಿದ್ದದ್ದು ಪಕ್ಕದ ಮನೆಯವರಿಂದ ಕೇಳಿದ್ದು.

ಟಿಕೆಟ್ ಆಯಿತು. ನಾನು ಮೊದಲು ಹೇಳಿದ್ದು ಅವರಿಗೆ. ಅಮ್ಮನ ಕಣ್ಣಿನ ವಿಷಯವನ್ನೂ ಹೇಳಿದೆ. ಅವರು ಹಪ್ಪಳ ಲಟ್ಟಿಸುತ್ತಿದ್ದರು. ಲಟ್ಟಣಿಗೆ ನಿಂತಿತು. "ನಿಜವಾಗಿ ಹೋಗ್ತೀರಾ?" ಎಂದರು. ಆಮೇಲೆ ಒಂದು ವಾರ ನನಗೆ ಪಾಠವೋ ಪಾಠ. ಅಮ್ಮನನ್ನು ಎಲ್ಲಿ ಕೂರಿಸಬೇಕು, ಶಾಲು ಎಂಥದು ಬೇಕು, ಯಾವ ತಿರುವಿನಲ್ಲಿ ವಾಂತಿ ಬರುತ್ತದೆ, ಅದಕ್ಕೆ ನಿಂಬೆಹಣ್ಣು ಎಲ್ಲಿಟ್ಟುಕೊಳ್ಳಬೇಕು. "ನನ್ನ ಲೆಕ್ಕದಲ್ಲಿ ಒಂದು ಸಲ ಜೋರಾಗಿ ಉಸಿರು ಎಳ್ಕೊಳ್ಳಿ ಅಲ್ಲಿ," ಎಂದರು.

ಹೊರಡಲು ಇನ್ನು ಕೆಲವೇ ದಿನ ಇರುವಾಗ ಬೆಳಿಗ್ಗೆ ತಲೆ ಬಾಚದೆ ನಮ್ಮ ಬಾಗಿಲಿಗೆ ಬಂದು ನಿಂತರು. ಹೋಟೆಲಿನ ಧಣಿಗಳ ಮನೆಗೆ ಟ್ರಂಕ್ ಕಾಲ್ ಬಂದಿತ್ತಂತೆ.

"ತಮ್ಮ ಸೀರಿಯಸ್ಸಂತೆ ಮೈಸೂರಿನವರೇ. ಆಸ್ಪತ್ರೆಯಲ್ಲಿ ಇಟ್ಟಿದ್ದಾರಂತೆ."

"ಏನಾಯ್ತು ಕಣ್ರೀ?"

"ಎಂತದೋ ಜ್ವರ. ತಲೆಗೇರಿದೆಯಂತೆ. ಮಾತಾಡುವುದಿಲ್ಲವಂತೆ."

"ಹೊರಡಿ ಮತ್ತೆ! ನಿಂತಿದ್ದೀರಲ್ಲ!"

ಅವರು ನೆಲ ನೋಡುತ್ತಿದ್ದರು. ಅಜ್ಜಿಯನ್ನು ಯಾರು ನೋಡಿಕೊಳ್ಳುವುದು ಎಂದು ಅವರು ಕೇಳಲಿಲ್ಲ. ನನ್ನ ಬಾಯಿಂದಲೇ ಬರಲಿ ಎಂದು ನಿಂತಿದ್ದರು. ಬಂತು. "ಅಜ್ಜಿ ನನ್ನ ಜವಾಬ್ದಾರಿ. ಇಬ್ಬರೂ ಹೊರಡಿ," ಎಂದೆ. ಹೋಟೆಲು ಅಡಿಗೆಮನೆಯ ರಿಪೇರಿಗೆ ಮುಚ್ಚಿತ್ತು. ಇಂಥ ಕಷ್ಟದಲ್ಲಿ ಅದಾದರೂ ಒದಗಿಬಂತಲ್ಲ, ಗಂಡ ಜೊತೆಗೆ ಹೋಗಬಹುದಲ್ಲ ಎಂದು ನಾನೇ ಸಮಾಧಾನ ಹೇಳಿದೆ.

ನಮ್ಮವರು ಟಿಕೆಟ್ ವಾಪಸು ಕೊಟ್ಟು ಬಂದರು. ರಾತ್ರಿ ಊಟಕ್ಕೆ ಕೂತಾಗ, "ಅಮ್ಮನ ಕಣ್ಣು?" ಎಂದಷ್ಟೇ ಕೇಳಿದರು. "ಮುಂದಿನ ವರ್ಷ ಹೋದರಾಯ್ತು. ಬೆಟ್ಟ ಎಲ್ಲಿಗೆ ಹೋಗತ್ತೆ," ಎಂದೆ. ಅಮ್ಮನಿಗೆ ಕಾಗದ ಹಾಕಿದೆ. ಹಾಗೇ ಮಾಡು, ಜೀವ ದೊಡ್ಡದು ಎಂದು ಉತ್ತರ ಬಂತು.

ಆ ಎರಡು ವಾರ ಅಜ್ಜಿಯ ಸ್ನಾನ, ಗಂಜಿ, ಬೆಡ್ ಪ್ಯಾನು, ಬೆನ್ನಿಗೆ ಪೌಡರು ಎಲ್ಲ ನನ್ನ ಪಾಲಿಗೆ. ಅಜ್ಜಿ ಆಗ ಚುರುಕು. "ಉಪ್ಪು ಕಮ್ಮಿ. ಮೈಸೂರಿನಲ್ಲಿ ಸಮುದ್ರ ಇಲ್ಲ, ಅದಕ್ಕೆ," ಎಂದು ಹಂಗಿಸುತ್ತಿದ್ದರು. ಸೊಸೆಯ ತಮ್ಮನ ಸುದ್ದಿ ಮಾತ್ರ ಎತ್ತುತ್ತಿರಲಿಲ್ಲ. ನೊಂದುಕೊಂಡಿದ್ದಾರೆ ಎಂದುಕೊಂಡೆ. ನಾನು ಆ ಹುಡುಗನನ್ನು ಕಂಡವಳಲ್ಲ. ಆದರೂ ಶನಿವಾರ ಒಪ್ಪೊತ್ತು ಮಾಡಿದೆ, ಮಾರುತಿಗೆ ದೀಪ ಹಚ್ಚಿದೆ. ಹುಡುಗ ಬದುಕಿ ಬಂದು ಈ ಮಹಡಿ ಹತ್ತಿದ ದಿನ ಹೊಸ್ತಿಲಲ್ಲಿ ನಿಲ್ಲಿಸಿ ಆರತಿ ಎತ್ತುತ್ತೇನೆ ಎಂದು ಹರಸಿಕೊಂಡೆ. ನಮ್ಮ ಕಡೆ ಸಾವಿನ ಬಾಯಿಂದ ಬಂದವರಿಗೆ ಹಾಗೆ ಮಾಡುತ್ತಾರೆ. ಕೆಂಪು ನೀರಿನ ಆರತಿ ಆಗದೆ ಅವರು ಮನೆಯೊಳಗೆ ಕಾಲಿಡಬಾರದು.

ಅವರು ತಿರುಗಿ ಬಂದರು. "ಹುಷಾರಾದ, ದೇವರು ದೊಡ್ಡವನು," ಎಂದರು. ನೀಲಗಿರಿ ಎಣ್ಣೆಯ ಸೀಸೆ, ಒಂದು ಡಬ್ಬಿ ಚಹಾ ಕೊಟ್ಟರು. ಮುಖ ಬಿಸಿಲಿಗೆ ಕಂದಿ ಮೂಗಿನ ಮೇಲೆ ಚರ್ಮ ಎದ್ದಿತ್ತು. ಆಸ್ಪತ್ರೆಗೂ ಮನೆಗೂ ಓಡಾಡಿ ಹಾಗಾಗಿದೆ ಎಂದು ನನ್ನ ಕನಿಕರ. ಒಂದೇ ವಿಚಿತ್ರ. ಆಮೇಲೆ ಅವರು 'ಗುಡ್ಡೆ ಪುರಾಣ' ಹೇಳಲಿಲ್ಲ. ಮಗಳು ಹಿಟ್ಟಿನ ಡಬ್ಬಿ ಹಿಡಿದುಕೊಂಡು ಹೋಗಿ "ಆಂಟಿ, ಗಾಡಿ" ಎಂದರೆ, "ಎಂಜಿನು ಕೆಟ್ಟಿದೆ ಮಗಾ," ಎಂದು ಕಳಿಸುತ್ತಿದ್ದರು. ಸಾವಿನ ಹತ್ತಿರ ಹೋಗಿ ಬಂದ ಊರನ್ನು ಆಟಕ್ಕೆ ತರಲು ಮನಸ್ಸಾಗುವುದಿಲ್ಲ ಎಂದು ನಾನು ಮಗಳಿಗೆ ಗದರಿದೆ.

ದಸರೆಯ ಹೊತ್ತಿಗೆ ಆ ತಮ್ಮ ಬಂದ. ಅಕ್ಕ ಹೇಳಿರಲಿಲ್ಲ, ಅವರಿಗೂ ಗೊತ್ತಿರಲಿಲ್ಲವೇನೋ. ಫ್ಯಾಕ್ಟರಿಯ ಯಾವುದೋ ಕೆಲಸಕ್ಕೆ ಮುಂಬಯಿಗೆ ಬಂದವನು ಟ್ರಂಕು ಹಿಡಿದುಕೊಂಡು ನೇರ ಮೆಟ್ಟಿಲು ಹತ್ತಿ, ನನ್ನನ್ನೇ ಮನೆ ಯಾವುದು ಎಂದು ಕೇಳಿದ. ಅಕ್ಕನದೇ ಹಣೆ. ನನಗೆ ಆನಂದ ತಡೆಯಲಿಲ್ಲ. "ಅಲ್ಲೇ ನಿಂತಿರಿ! ಒಳಗೆ ಹೋಗಬೇಡಿ!" ಎಂದು ಕೂಗಿ, ಓಡಿ, ತಟ್ಟೆಯಲ್ಲಿ ಅರಿಸಿನ ಸುಣ್ಣ ಕದಡಿ ಕೆಂಪು ಮಾಡಿ, ನಡುವೆ ದೀಪ ಇಟ್ಟುಕೊಂಡು ಬಂದೆ. ವಹಿನಿಯನ್ನೂ ಬೆನ್ ಅವರನ್ನೂ ಕರೆದೆ. ಆರತಿ ಒಬ್ಬಳೇ ಎತ್ತಬಾರದಲ್ಲ.

ಸದ್ದು ಕೇಳಿ ಅವರು ಒದ್ದೆ ಕೈಯಲ್ಲಿ ಹೊರಗೆ ಬಂದರು. ತಮ್ಮನನ್ನು ನೋಡಿದರು, ನನ್ನ ತಟ್ಟೆಯನ್ನು ನೋಡಿದರು, ಅಲ್ಲೇ ನಿಂತುಬಿಟ್ಟರು.

"ಇದೆಂತ ಅಕ್ಕಾ, ನಾನೇನು ಮದುಮಗನಾ?" ಎಂದು ಅವನು ನಕ್ಕ.

"ಸುಮ್ನೆ ನಿಂತ್ಕೊಳ್ಳಪ್ಪ. ಸಾವಿನ ಬಾಯಿಂದ ಬಂದಿದ್ದೀಯ."

"ಯಾರು, ನಾನಾ? ನನಗೆ ನೆಗಡಿ ಆಗದೆ ಎಷ್ಟು ಕಾಲ ಆಯ್ತು ಮಾರಾಯ್ರೆ!"

"ಮೇ ತಿಂಗಳಲ್ಲಿ ಆಸ್ಪತ್ರೇಲಿ..."

"ಮೇಯಲ್ಲಿ? ಮೇಯಲ್ಲಿ ಅಕ್ಕ ಭಾವನ ಒಟ್ಟಿಗೆ ಗುಡ್ಡೆ ಗುಡ್ಡೆ ಸುತ್ತಿ ನನ್ನ ಚಪ್ಪಲಿ ಹರಿಯಿತು. ಡಾಲ್ಫಿನ್ಸ್ ನೋಸಿಗೆ ಎಷ್ಟು ಸಲ ಹೋದ್ದು, ಕೇಳಿ ಅಕ್ಕನತ್ರ. ಭಾವ ಆ ಕಲ್ಲಿನ ಮೇಲೆ ಕೂತವರು ಏಳ್ಲಿಕ್ಕೆ ತಯಾರಿಲ್ಲ! ಆ ನಮೂನೆ ನಗುವವರು ಅಂತ ನನಗೆ ಗೊತ್ತೇ ಇರ್ಲಿಲ್ಲ. ಹಣ್ಣಿನ ಶೋ ನೋಡಿದೆವು, ಊಟಿಯ ಕೆರೆಯಲ್ಲಿ ಬೋಟು..." ಅಲ್ಲಿಗೆ ಅವನಿಗೆ ಅಕ್ಕನ ಮುಖ ಕಂಡಿತು.

ಬೆನ್ ಅವರಿಗೆ ಕನ್ನಡ ಬಾರದು. ಅವರು ನನ್ನ ಮೊಣಕೈ ತಿವಿದು, "ಕರೋ ನಾ, ಕರೋ," ಎಂದರು. ಎತ್ತಿದ ಆರತಿಯನ್ನು ನಡುವೆ ಇಳಿಸಬಾರದು. ನಾನು ಮಾಡಿ ಮುಗಿಸಿದೆ. ಹಾಡಿನ ಒಂದು ಸಾಲೂ ಬಾಯಿಗೆ ಬರಲಿಲ್ಲ. ಆ ಕೆಂಪು ನೀರಿನಲ್ಲಿ ಬೆರಳು ಅದ್ದಿ ಅವನ ಹಣೆಗೆ ಇಟ್ಟೆ. ಉಳಿದದ್ದನ್ನು ಮೆಟ್ಟಿಲ ಮೂಲೆಗೆ ಚೆಲ್ಲಿ ಬಂದು ಬಾಗಿಲು ಹಾಕಿಕೊಂಡೆ.

ಸಂಜೆ ಅವರು ಬಂದು ಬಾಗಿಲು ತಟ್ಟಿದರು. "ಮೈಸೂರಿನವರೇ." ನಾನು ಒಳಗೆ ಬೇಳೆ ಆರಿಸುತ್ತಾ ಕೂತಿದ್ದೆ. "ಒಂದು ಮಾತು," ಎಂದರು. ನಾನು ಏಳಲಿಲ್ಲ. ಅವರು ನಿಂತಿರುವುದು ಬಾಗಿಲ ಸಂದಿನಲ್ಲಿ ಕಾಣುತ್ತಿತ್ತು. ಹೋಗುವುದೂ ಕಂಡಿತು.

ಅವರಿಗೆ ಕೂನೂರಿಗೆ ಹೋಗಬೇಕಿತ್ತು, ಹೋದರು. ಅದು ನನಗೆ ಆಗಲೂ ಅರ್ಥವಾಗುತ್ತಿತ್ತು. ಕೇಳಿದ್ದರೆ? ಕೇಳಿದ್ದರೆ ಏನು ಹೇಳುತ್ತಿದ್ದೆನೋ, ಗೊತ್ತಿಲ್ಲ. ಆದರೆ ನನ್ನ ಟಿಕೆಟ್ ಆಗಿದ್ದು ಗೊತ್ತಿತ್ತು, ಅಮ್ಮನ ಕಣ್ಣಿನ ವಿಷಯ ಗೊತ್ತಿತ್ತು, ಗೊತ್ತಿದ್ದೇ ಬಾಗಿಲಿಗೆ ಬಂದು ನೆಲ ನೋಡುತ್ತಾ ನಿಂತರು. ನನ್ನ ಒಳ್ಳೆಯತನ ಯಾವ ಕಡೆಯಿಂದ ಹತ್ತುತ್ತದೆ ಎಂದು ಅವರಿಗೆ ತಿಳಿದಿತ್ತು. ಅದನ್ನು ಹಿಂದಿನಿಂದ ದೂಡಿದರು.

ಆಮೇಲೆ ನಲ್ಲಿಯ ಹತ್ತಿರ ಅವರು ಬಂದರೆ ನಾನು ಬಿಂದಿಗೆ ತೆಗೆದು ಜಾಗ ಬಿಡುತ್ತಿದ್ದೆ. "ನೀವು ಮೊದಲು ಹಿಡೀರಿ," ಎಂದು ಅವರು, "ಪರವಾಗಿಲ್ಲ, ನೀವೇ ಹಿಡೀರಿ," ಎಂದು ನಾನು. ಅದಕ್ಕಿಂತ ಹೆಚ್ಚು ಮಾತಿಲ್ಲ. ಒಂದು ಗೋಡೆಯ ಆಚೆ ಈಚೆ ಒಂದು ವರ್ಷ ಹಾಗೆ ಇದ್ದೆವು. ಅಜ್ಜಿಗೆ ಮಾತ್ರ ನನ್ನ ಕೈಯ ಸಾರು ಹೋಗುತ್ತಿತ್ತು. ಮಗಳ ಕೈಯಲ್ಲಿ ಕಳಿಸುತ್ತಿದ್ದೆ. ಆಮೇಲೆ ಮ್ಯಾನೇಜರಿಗೆ ಕಾಂದಿವಲಿಯ ಹೋಟೆಲಿಗೆ ಬದಲಿಯಾಯಿತು. ಸಾಮಾನು ಕೆಳಗಿಳಿಸಿದ ದಿನ ನಾನು ತಾರಸಿಯಲ್ಲಿ ಬಟ್ಟೆ ಒಣಹಾಕುತ್ತಿದ್ದೆ. ಅವರು ಕೆಳಗಿನಿಂದ ತಲೆಯೆತ್ತಿ ಬಹಳ ಹೊತ್ತು ನೋಡಿದರು. ಅವರನ್ನು ನಾನು ಕಡೆಯ ಸಲ ಕಂಡದ್ದು ಆಗ.

ಮುಂದಿನ ವರ್ಷ ರಜೆ ಸಿಗಲಿಲ್ಲ. ಅದರ ಮುಂದಿನ ವರ್ಷ ಹೋದೆವು. ಅಷ್ಟರಲ್ಲಿ ಅಮ್ಮನಿಗೆ ಬೆಳಕು ಕತ್ತಲೆ ಬಿಟ್ಟರೆ ಬೇರೆ ಕಾಣುತ್ತಿರಲಿಲ್ಲ. "ಬೇಡ ಬಿಡಮ್ಮ," ಎಂದರೂ ಕೇಳಲಿಲ್ಲ. "ಗಾಳಿಯಾದರೂ ತಾಗಲಿ," ಎಂದಳು. ಬೆಳಿಗ್ಗೆ ಬೇಗ ಹೋದೆವು, ಹೊಟ್ಟೆ ತುಂಬ ಉಣ್ಣದೆ ಹೋದೆವು. ಡಾಲ್ಫಿನ್ಸ್ ನೋಸಿನ ಮೇಲೆ ಅಮ್ಮನ ಕೈ ಹಿಡಿದು ನಿಂತೆ. ಮೋಡ ಒಂದು ಚೂರೂ ಇರಲಿಲ್ಲ. ಎಲ್ಲ ಅವರು ಹೇಳಿದ ಹಾಗೆಯೇ ಇತ್ತು, ಒಂದು ಕೂದಲೂ ಆಚೆ ಈಚೆ ಇಲ್ಲ.

"ಏನು ಕಾಣತ್ತೆ ಹೇಳೇ," ಎಂದಳು ಅಮ್ಮ.

ನನ್ನದೇ ಮಾತಿನಲ್ಲಿ ಹೇಳಬೇಕೆಂದು ನೋಡಿದೆ. ಬರಲಿಲ್ಲ. "ಎದುರು ಬೆಟ್ಟಕ್ಕೆ ಯಾರೋ ಬಿಳಿ ಜನಿವಾರ ಹಾಕಿದ ಹಾಗಿದೆ ಅಮ್ಮ," ಎಂದೆ. "ಕೆಳಗೆ ತೋಟ, ಈಗತಾನೇ ಬಾಚಿ ಬೈತಲೆ ತೆಗೆದ ಹಾಗೆ." ಅಮ್ಮ ಕೇಳುತ್ತಾ ಕೇಳುತ್ತಾ ನಕ್ಕಳು. "ಎಷ್ಟು ಚೆನ್ನಾಗಿ ಹೇಳ್ತೀಯೇ. ನೋಡಿದ ಹಾಗೇ ಆಯ್ತು," ಎಂದಳು. ನನಗೆ ಅಲ್ಲಿ ಒಂದು ಗಳಿಗೆ ಹೆಚ್ಚಿಗೆ ನಿಲ್ಲಲಾಗಲಿಲ್ಲ. ಅಮ್ಮನಿಗೆ ತೋರಿಸುವುದನ್ನು ಕಸಿದುಕೊಂಡವರ ಮಾತಿನಿಂದಲೇ ಅಮ್ಮನಿಗೆ ತೋರಿಸಬೇಕಾಯಿತು. ನಮ್ಮವರಿಗೆ, ಚಳಿ, ಹೊರಡೋಣ ಎಂದೆ.

ಇವತ್ತು ದೀಪ ಹಚ್ಚಿದ ಮೇಲೆ ಅಜ್ಜಿಗೆ ಗಂಜಿ ಕುಡಿಸುತ್ತಿದ್ದೆ. ಈಗ ಉಪ್ಪಿನ ತಕರಾರಿಲ್ಲ. ನಾಲ್ಕು ಚಮಚ ನುಂಗಿ, ಸ್ವಾಧೀನವಿದ್ದ ಕೈಯಿಂದ ನನ್ನ ಮಣಿಕಟ್ಟು ಹಿಡಿದರು.

"ಅವಳ ಮೇಲೆ ಇನ್ನೂ ಸಿಟ್ಟು ಉಂಟಾ?"

"ಹೋದವರ ಮೇಲೆ ಸಿಟ್ಟೇನು ಬಿಡಿ ಅಜ್ಜಿ. ಗಂಜಿ ಆರತ್ತೆ."

"ಉಂಟು. ನನಗೆ ಗೊತ್ತು. ಆ ಉಪಾಯ ಅವಳದ್ದಲ್ಲ. ನನ್ನದು."

ಚಮಚ ನನ್ನ ಕೈಯಲ್ಲೇ ಇತ್ತು.

"ಹೋಟೆಲು ಮುಚ್ಚಿದ್ದು ಅದೊಂದೇ ಸಲ. ನಾನು ಮಂಚದ ಮೇಲೆ, ಅವರಿಬ್ಬರು ಪರದೆಯ ಆಚೆ ಉಸಿರು ಹಿಡ್ಕೊಂಡು. ಎಷ್ಟು ವರ್ಷ! ನನ್ನ ಕೈಕಾಲು ಬಿದ್ದದ್ದು, ಕಿವಿ ಬೀಳ್ಲಿಲ್ಲ ಮಗಾ. ನಾನೇ ಹೇಳಿದೆ, ಹೋಗಿ ಇಬ್ಬರೂ, ತಮ್ಮನಿಗೆ ಜ್ವರ ಜೋರುಂಟು ಅಂತ ಹೇಳು, ಮೈಸೂರಿನವಳು ಕರಗ್ತಾಳೆ ಅಂತ. 'ಬೇಡ ಅತ್ತೆ, ಅವರ ತಾಯಿಯ ಕಣ್ಣು,' ಅಂದಳು. ಅವತ್ತಿಡೀ ಒಲೆ ಹಚ್ಚಲಿಲ್ಲ. ಮರುದಿನ ನಿನ್ನ ಬಾಗಿಲಿಗೆ ಬಂದಳು."

"ಆಮೇಲಾದರೂ ಹೇಳಬಹುದಿತ್ತಲ್ಲ? ಒಂದು ವರ್ಷ ಗೋಡೆಯ ಆಚೆಗಿದ್ದರು."

"ಹೇಳ್ತೇನೆ ಅಂತ ನಾನೇ ಹೊರಟೆ. ಅವಳು ಬಿಡ್ಲಿಲ್ಲ. 'ಒಬ್ಬರ ಮೇಲೆ ಸಿಟ್ಟಿರಲಿ ಅತ್ತೆ, ಇಬ್ಬರ ಮೇಲೂ ಬೇಡ. ನಾಳೆ ನನಗೆ ಹೆಚ್ಚುಕಮ್ಮಿ ಆದ್ರೆ ನಿಮಗೆ ಗಂಜಿ ಹಾಕುವವರು ಅವರೊಬ್ಬರೇ,' ಅಂದಳು."

ಹೇಳಿ ಅಜ್ಜಿ ಬಾಯಿ ತೆರೆದರು. ಬಟ್ಟಲಿನಲ್ಲಿ ಇನ್ನೂ ಅರ್ಧ ಗಂಜಿ ಇತ್ತು. ಎತ್ತಿಟ್ಟು ಎದ್ದುಬಿಡಬೇಕು ಎನ್ನಿಸಿತು. ಏಳಲಿಲ್ಲ. ಒಂದೊಂದೇ ಚಮಚ ಕುಡಿಸಿದೆ, ಗಲ್ಲ ಒರೆಸಿದೆ. ಇದನ್ನೂ ಅಜ್ಜಿಯ ಸೊಸೆ ಮೊದಲೇ ತಿಳಿದುಕೊಂಡಿದ್ದರು.

ನಾವು ಅನ್ನ, ಮೆಂತ್ಯ ಸೊಪ್ಪಿನ ಹುಳಿ, ಸುಟ್ಟ ಹಪ್ಪಳ ಉಂಡೆವು. ನಮ್ಮವರು, "ಯಾಕೆ, ಬಡಿಸ್ಕೊಳ್ಳೇ ಇಲ್ಲ," ಎಂದರು. ಹಸಿವಿಲ್ಲ ಎಂದು ಮಜ್ಜಿಗೆ ಕುಡಿದೆ. ಎಲ್ಲರಿಗಿಂತ ಮೊದಲು ನಿದ್ದೆ ಹೋದದ್ದು ಅಜ್ಜಿ, ದೀಪ ಸಣ್ಣ ಮಾಡುವ ಮೊದಲೇ, ಗೊರಕೆ ಸಮೇತ. ಆಮೇಲೆ ಮಗಳು, ಆಮೇಲೆ ನಮ್ಮವರು.